ದೊರೆಸಾನಿಯ ಫೋನಿನಲ್ಲಿ ಕನ್ನಡ

ನಮ್ಮ ಮಹಡಿ ಮನೆಗೆ ಪೋರ್ಚುಗಲ್ ದೇಶದ ಹೆಂಗಸೊಬ್ಬಳು ಬಾಡಿಗೆಗೆ ಬರುತ್ತಾಳೆ ಅಂದಾಗ ಅತ್ತೆ ಕೇಳಿದ ಮೊದಲ ಪ್ರಶ್ನೆ, "ಅವ್ಳು ಕಕ್ಕಸಿಗೆ ನೀರು ತಗೊಳ್ತಾಳಾ, ಕಾಗದಾನಾ?" ನನಗೆ ಗೊತ್ತಿಲ್ಲ ಅಂದೆ. "ಕೇಳಿ ಸೊಲ್ಲು" ಅಂದರು, ಅಂದರೆ ಕೇಳಿ ಹೇಳು ಅಂತ. ನಾನು ಕೇಳಲಿಲ್ಲ.

ಆಕೆಗೆ ಐವತ್ತೆಂಟು ವಯಸ್ಸು. ತಿರುಪ್ಪೂರಿನ ಒಂದು ಬನಿಯನ್ ಕಂಪನಿಯಲ್ಲಿ ಹೆಣಿಗೆ ಬಟ್ಟೆಯ ಗುಣಮಟ್ಟ ನೋಡುವ ಕೆಲಸಕ್ಕೆ ಬಂದವಳು. ತಿರುಪ್ಪೂರಿನ ಗದ್ದಲ ತಡೆಯಲಾಗದೆ, ಶಾಂತವಾದ ಜಾಗ ಬೇಕೆಂದು ನಮ್ಮೂರು ಕರುಮತ್ತಂಪಟ್ಟಿಗೆ ಮನೆ ಹುಡುಕಿಕೊಂಡು ಬಂದಳು. ಮನೆಯ ಹಿಂದೆಯೇ ನಮ್ಮ ಎಂಟು ಪವರ್‌ಲೂಮ್ ಮಗ್ಗಗಳು ದಿನವಿಡೀ ಬಡಿಯುತ್ತವೆ ಅನ್ನುವುದನ್ನು ನನ್ನ ಗಂಡ ಆಕೆಗೆ ಹೇಳಲಿಲ್ಲ. ಮಗ್ಗಕ್ಕೆ ರಜೆ ಇರುವ ಭಾನುವಾರ ನೋಡಿಯೇ ಮನೆ ತೋರಿಸಿದ್ದರು. ಸೋಮವಾರ ಬೆಳಿಗ್ಗೆ ಆಕೆ ಕೆಳಗಿಳಿದು ಬಂದು, ಶೆಡ್ಡಿನ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತು, "ನನ್ನಮ್ಮನ ಫ್ಯಾಕ್ಟರಿ ಇದಕ್ಕಿಂತ ಜೋರು" ಅಂತ ಇಂಗ್ಲಿಷಿನಲ್ಲಿ ಅಂದು ಮೇಲೆ ಹೋದಳು. ಅದನ್ನು ಅತ್ತೆಗೆ ಕನ್ನಡದಲ್ಲಿ ಹೇಳಿದೆ. ಅತ್ತೆಗೆ ಆಕೆ ಹಿಡಿಸಿದ್ದು ಅವತ್ತೇ. ಹೆಸರು ನಾಲಿಗೆಗೆ ಹತ್ತದೆ 'ದೊರೆಸಾನಿ' ಅಂತ ಕರೆದರು. ಅದೇ ನಿಂತಿತು.

ನಾನು ಚಿತ್ರದುರ್ಗದ ಕಡೆಯವಳು. ಇಪ್ಪತ್ತೆರಡು ವರ್ಷದ ಹಿಂದೆ ಈ ನೇಕಾರರ ಮನೆಗೆ ಸೊಸೆಯಾಗಿ ಬಂದೆ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಇವರ ಕನ್ನಡದಲ್ಲಿ ಮಾತು ಅರ್ಧ ತಮಿಳು, ರಾಗ ಪೂರ್ತಿ ತಮಿಳು. ಎಷ್ಟೋ ತಲೆಮಾರಿನಿಂದ ಇಲ್ಲೇ ಇದ್ದು ಇಲ್ಲಿನ ಶಾಲೆಯಲ್ಲೇ ಓದಿದವರಾದ್ದರಿಂದ ಕನ್ನಡ ಅಕ್ಷರ ಒಬ್ಬರಿಗೂ ಗೊತ್ತಿಲ್ಲ. ಎಪ್ಪತ್ತನಾಲ್ಕರ ಅತ್ತೆ ಪೇಪರ್ ಓದುವುದು ತಮಿಳಿನಲ್ಲಿ, ಬೈಯುವುದು ಕನ್ನಡದಲ್ಲಿ.

ದೊರೆಸಾನಿಯ ಕಷ್ಟ ಶುರುವಾದದ್ದು ಬೇಕರಿಯಲ್ಲಿ. ನಮ್ಮ ಕಡೆ ಟೀ ಕುಡಿಯಬೇಕಾದರೆ ಬೇಕರಿಗೇ ಹೋಗುವುದು. ಮೊದಲ ದಿನ ಆಕೆ ಒಂದು ಟೀ ಕೇಳಿ ಐನೂರರ ನೋಟು ಚಾಚಿದಳು. ಬೇಕರಿಯವನು ನೋಟನ್ನು ಮುಟ್ಟಲೂ ಇಲ್ಲ. "ಸಿಲ್ಲರೆ ಇಲ್ಲೀಂಗ, ಸ್ಕ್ಯಾನ್ ಪಣ್ಣುಂಗ" ಅಂತ ಗೋಡೆಗೆ ಅಂಟಿಸಿದ್ದ ಕ್ಯೂಆರ್ ಕೋಡಿನ ಚೌಕದ ಕಡೆ ಬೆರಳು ತೋರಿಸಿದ. ಆಕೆ ತನ್ನ ಊರಿನ ಕಾರ್ಡು ತೆಗೆದಳು. ಅವನು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಚೆನ್ನಾಗಿದೆ ಎನ್ನುವಂತೆ ತಲೆಯಾಡಿಸಿ ವಾಪಸ್ ಕೊಟ್ಟ. ಪಕ್ಕದಲ್ಲಿ ಹೂ ಮಾರುವ ಮುದುಕಿ ಕೂಡ ಫೋನು ಚೌಕಕ್ಕೆ ಹಿಡಿದು ಟೀ ಬನ್ನು ತಗೊಂಡು ಹೋದಳು. ದೊರೆಸಾನಿಯ ದೇಶದವರು ಒಂದು ಕಾಲದಲ್ಲಿ ನಮ್ಮ ಕರಾವಳಿಗೆ ಬಂದು ಹಡಗು ತುಂಬ ಮೆಣಸು ಹೊತ್ತುಕೊಂಡು ಹೋದವರು. ಇವಳಿಗೆ ಒಂದು ಲೋಟ ಟೀ ದಕ್ಕಲಿಲ್ಲ. ಬನ್ನು ತರಲು ಬಂದು ಇದನ್ನೆಲ್ಲ ನೋಡುತ್ತಿದ್ದ ನಾನು ನನ್ನ ಫೋನಿನಿಂದ ಕೊಟ್ಟೆ.

ಅಲ್ಲಿಂದ ಒಂದು ತಿಂಗಳು ನಾನೇ ಆಕೆಯ ಪರ್ಸು. ತರಕಾರಿ ಗಾಡಿ, ಆಟೋ, ಮೆಡಿಕಲ್ ಶಾಪು, ಎಲ್ಲಿ ಸಿಕ್ಕಿಕೊಂಡರೂ ಫೋನು ಮಾಡುವಳು. ಅಂಗಡಿಯವನ ಚೌಕದ ಫೋಟೋ ಕಳಿಸುವಳು. ನಾನು ಹಿಟ್ಟು ಕಲಸುತ್ತಿದ್ದ ಕೈ ಒರೆಸಿಕೊಂಡು ಇಲ್ಲಿಂದ ಕಳಿಸುವೆ. ಸಂಜೆ ಆಕೆ ಅದನ್ನು ನೋಟಿನಲ್ಲಿ ಕೊಡುವಳು. ನನ್ನ ಗಂಡನಿಗೂ ಇಷ್ಟು ಸೇವೆ ಮಾಡಿರಲಿಲ್ಲ.

"ನಾನು ಮಗು ಅಲ್ಲ. ನನಗೂ ಆ ಆ್ಯಪ್ ಬೇಕು" ಅಂದಳು ಒಂದು ದಿನ. ಆ್ಯಪ್ ಇಳಿಸಿದ್ದಾಯಿತು. ಅದು ಭಾರತದ ಸಿಮ್ ಕೇಳಿತು. ಪಕ್ಕದ ಪೇಟೆ ಅವಿನಾಶಿಗೆ ಹೋಗಿ, ಪಾಸ್‌ಪೋರ್ಟು, ವೀಸಾ, ಬಾಡಿಗೆ ಕರಾರು ಎಲ್ಲ ಕೊಟ್ಟು, ಎರಡು ಸಲ ಮುಖದ ಫೋಟೋ ಹಿಡಿಸಿಕೊಂಡು ಸಿಮ್ ತಂದೆವು. ಆಮೇಲೆ ಅದು ಇಲ್ಲಿನ ಬ್ಯಾಂಕ್ ಖಾತೆ ಕೇಳಿತು. ಹಾಗಾಗಿ ಬ್ಯಾಂಕಿಗೆ ಹೊರಟೆವು. ಪಾಸ್‌ಬುಕ್ ಎಂಟ್ರಿ ಹಾಕಿಸಬೇಕು ಅಂತ ಅತ್ತೆಯೂ ಹಿಂದೆಯೇ ಬಂದರು.

ಅಲ್ಲಿನ ಅಧಿಕಾರಿ ನನ್ನ ವಯಸ್ಸಿನ ಹೆಂಗಸು. ಮರ್ಯಾದೆಯವರು, ಎಲ್ಲ ಸರಾಗವಾಗಿ ತುಂಬುತ್ತ ಬಂದರು. ಒಂದು ಕಡೆ ನಿಂತರು.

"ಅಪ್ಪನ ಹೆಸರು?"

"ಅಪ್ಪ ಇಲ್ಲ" ಅಂದಳು ದೊರೆಸಾನಿ.

"ತೀರಿಕೊಂಡಿದ್ದರೂ ಪರವಾಗಿಲ್ಲ, ಹೆಸರು ಹೇಳಿ."

"ತೀರಿಕೊಂಡಿಲ್ಲ. ಇರಲೇ ಇಲ್ಲ. ಯಾರು ಅಂತ ಅಮ್ಮ ಹೇಳಲಿಲ್ಲ, ನಾನು ಕೇಳಲಿಲ್ಲ."

ಇದನ್ನು ನಾನು, ಆಕೆಯ ಇಂಗ್ಲಿಷ್ ಉಚ್ಚಾರ ಹಿಡಿಯದ ಅಧಿಕಾರಿಗೆ ತಮಿಳಿನಲ್ಲಿ, ಅತ್ತೆಗೆ ಕನ್ನಡದಲ್ಲಿ ಹೇಳಬೇಕಾಯಿತು. ಅತ್ತೆಗೆ ಕಿವಿ ಮಂದ, ಆದ್ದರಿಂದ ಜೋರಾಗಿ ಹೇಳಿದೆ. ಇಡೀ ಬ್ಯಾಂಕು ಕೇಳಿಸಿಕೊಂಡಿತು.

ಅತ್ತೆ ತಮಿಳಿನಲ್ಲೇ ಅಂದರು, "ಅಪ್ಪನಿಲ್ಲದೆ ಹುಟ್ಟಿದವರು ಒಬ್ಬರೇ ಅಂತಲ್ಲವಾ ನಮ್ಮೂರ ಚರ್ಚಿನಲ್ಲಿ ಹೇಳೋದು?" ಸಾಲಿನಲ್ಲಿ ನಿಂತಿದ್ದ, ಕೊರಳಿಗೆ ಶಿಲುಬೆ ಹಾಕಿದ್ದ ಹೆಂಗಸು ಎಲ್ಲರಿಗಿಂತ ಜೋರಾಗಿ ನಕ್ಕಳು.

ಅಧಿಕಾರಿ ನಗು ತಡೆದುಕೊಂಡು, "ಹಾಗಾದರೆ ಗಂಡನ ಹೆಸರು ಹಾಕೋಣ. ಈ ಜಾಗ ಖಾಲಿ ಬಿಟ್ಟರೆ ಸಿಸ್ಟಂ ಮುಂದೆ ಹೋಗೋದಿಲ್ಲ" ಅಂದರು.

ಗಂಡಂದಿರು ಇಬ್ಬರು. ಇಬ್ಬರನ್ನೂ ಬಿಟ್ಟಾಗಿತ್ತು.

"ಇಬ್ಬರಲ್ಲಿ ಒಳ್ಳೇವನ ಹೆಸರು ಹಾಕು ಅನ್ನು" ಅಂದರು ಅತ್ತೆ.

ನಾನು ಹಾಗೇ ಹೇಳಿದೆ. ದೊರೆಸಾನಿ ಅತ್ತೆಯ ಕಡೆ ತಿರುಗಿದಳು. "ಇಬ್ಬರಲ್ಲಿ ಒಳ್ಳೆಯವನು ಅಂತ ಒಬ್ಬನಿದ್ದಿದ್ದರೆ ನಾನು ಇಲ್ಲಿಗೆ ಯಾಕೆ ಬರುತ್ತಿದ್ದೆ?" ಆಮೇಲೆ ಮೆಲ್ಲಗೆ, "ನನ್ನಮ್ಮ ನಲವತ್ತು ವರ್ಷ ಹೊಲಿಗೆ ಫ್ಯಾಕ್ಟರಿಯಲ್ಲಿ ದುಡಿದು ನನ್ನನ್ನು ಸಾಕಿದಳು. ಹೆಸರು ಬೇಕೇ ಬೇಕಾದರೆ ಅವಳದು ಬರೆಯಲಿ" ಅಂದಳು.

ಇದನ್ನೂ ಅತ್ತೆಗೆ ಹೇಳಿದೆ. ಅವರು ತಮ್ಮ ಪಾಸ್‌ಬುಕ್ಕನ್ನು ಮೇಜಿನ ಮೇಲಿಟ್ಟು ಅಧಿಕಾರಿಯನ್ನು ಕೇಳಿದರು. "ಇದರಲ್ಲಿ ನನ್ನ ಗಂಡನ ಹೆಸರಿದೆ. ಆ ಮನುಷ್ಯ ಒಂದು ದಿನ ಇಲ್ಲಿಗೆ ಬಂದು ಒಂದು ರೂಪಾಯಿ ಕಟ್ಟಿದ್ದಾರಾ? ಕೈಮಗ್ಗದ ಗುಂಡಿಯಲ್ಲಿ ಕಾಲಿಟ್ಟುಕೊಂಡು ಕೂತವಳು ನಾನು. ಅವಳಮ್ಮನ ಹೆಸರು ಹಾಕೋಕೆ ನಿಮ್ಮ ಸಿಸ್ಟಮ್ಮಿಗೆ ಏನು ರೋಗ?"

ಅಧಿಕಾರಿ ಫೋನೆತ್ತಿ ಮೇಲಿನ ಆಫೀಸಿಗೆ ಮಾತಾಡಿದರು. ಆ ಫೋನು ಇನ್ನೊಂದು ಫೋನಿಗೆ ಹೋಗಿ, ಅದು ಒಂದು ಇಮೇಲಿಗೆ ಹೋಗಿ, ಒಂಬತ್ತನೆಯ ದಿನ ಅಪ್ಪನ ಜಾಗದಲ್ಲಿ ಅಮ್ಮನ ಹೆಸರನ್ನೇ ಹಾಕಿ ಖಾತೆ ತೆರೆದರು. ಹಾಗೆ ಮಾಡಲು ಮೊದಲಿನಿಂದಲೂ ಅವಕಾಶ ಇತ್ತಂತೆ. ಯಾರೂ ಕೇಳಿರಲಿಲ್ಲವಂತೆ.

ಆ್ಯಪ್ ತೆರೆದುಕೊಂಡಿತು. ಭಾಷೆ ಆರಿಸು ಅಂದಿತು. ಪೋರ್ಚುಗೀಸ್ ಇರಲಿಲ್ಲ. ನಾನು ಒಲೆಯ ಮೇಲಿನ ಹಾಲು ನೋಡಿ ಬರುವಷ್ಟರಲ್ಲಿ ಆಕೆ ಇಂಗ್ಲಿಷ್ ಬಿಟ್ಟು ಕನ್ನಡ ಒತ್ತಿಬಿಟ್ಟಿದ್ದಳು. ಯಾಕೆ ಅಂದರೆ, ಆ ಪಟ್ಟಿಯಲ್ಲಿ ಹೆಣಿಗೆಯ ಕುಣಿಕೆಯ ಥರ ಕಂಡದ್ದು ಇದೊಂದೇ ಅಂದಳು. ಆಮೇಲೆ ಎಲ್ಲವೂ ಕನ್ನಡದಲ್ಲಿ ಬಂತು. "ಬದಲಾಯಿಸೋದು ಹೇಗೆ?" ಅಂತ ಕೇಳಿದಳು. ನನಗೆ ಗೊತ್ತಿತ್ತು, ಮೂರು ಸಲ ಒತ್ತಿದರೆ ಸಾಕು. ಆದರೆ ಇಪ್ಪತ್ತೆರಡು ವರ್ಷದಲ್ಲಿ ಈ ಮನೆಯಲ್ಲಿ ನಾನಲ್ಲದೆ ಇನ್ನೊಬ್ಬರ ಕೈಯಲ್ಲಿ ಕನ್ನಡ ಅಕ್ಷರ ನೋಡಿದ್ದು ಅದೇ ಮೊದಲು. ಸುಮ್ಮನೆ ಸುಳ್ಳು ಹೇಳಿದೆ. "ಒಂದು ಸಲ ಆರಿಸಿದರೆ ಮುಗೀತು."

ಪಾಪ, ನಂಬಿದಳು. ಒಂದು ನೋಟ್‌ಬುಕ್ ತಂದಳು. ಪಾವತಿಸಿ, ಹಿಂದೆ, ಮುಂದುವರಿಸಿ, ರದ್ದುಮಾಡಿ, ಹೀಗೆ ಆ್ಯಪಿನಲ್ಲಿದ್ದ ಮಾತೆಲ್ಲ ನನ್ನಿಂದ ಬರೆಸಿಕೊಂಡಳು. ಭಾನುವಾರ ಜಗಲಿಯಲ್ಲಿ ಕೂತು ಅದನ್ನು ತಿದ್ದುತ್ತಿದ್ದಳು. ಅವರೆಕಾಯಿ ಬಿಡಿಸುತ್ತಿದ್ದ ಅತ್ತೆ ಇಣುಕಿ ನೋಡಿದರು.

"ಅದೇನು ಬರೀತಾಳೆ?"

"ಪಾವತಿಸಿ" ಅಂತ ಓದಿದೆ.

"ಪಾವಾ? ಫೋನಿನಾಗೆ ಪಾವು ಓಡುತ್ತಾ?"

ಮಗ್ಗದ ಮೇಲೆ ಉದ್ದಕ್ಕೆ ಹಾಸುವ ನೂಲಿಗೆ ಇಲ್ಲಿ ಪಾವು ಅನ್ನುತ್ತಾರೆ. ಪಾವತಿ ಅಂದರೆ ದುಡ್ಡು ಕೊಡುವುದು ಅಂತ ಬಿಡಿಸಿ ಹೇಳಿದೆ. "ಕೊಡು ಅಂತ ಬರೆದರೆ ಆಗದಾ?" ಅಂದರು. ಹಾಗೆಂದವರೇ ಕಾಯಿಯ ಬುಟ್ಟಿ ಪಕ್ಕಕ್ಕಿಟ್ಟು, "ಪಾ ಎಲ್ಲದೆ? ವ ಯಾವುದು?" ಅಂತ ಬೆರಳಿಟ್ಟರು. ದೊರೆಸಾನಿ ತೋರಿಸಿದಳು. ಪೋರ್ಚುಗಲ್ಲಿನವಳಿಂದ ನಮ್ಮತ್ತೆಗೆ ಕನ್ನಡ ಅಕ್ಷರಾಭ್ಯಾಸ! ನಾನು ಸೊಸೆಯಾಗಿ ಬಂದ ಹೊಸದರಲ್ಲಿ ಕಲಿಸುತ್ತೇನೆ ಅಂದಾಗ, "ನಂಗ್ಯಾಕೆ ಈಗ ಅದೆಲ್ಲಾ" ಅಂದಿದ್ದವರು. ಹೊಟ್ಟೆ ಉರಿಯಿತು, ನಿಜ ಹೇಳಬೇಕಲ್ಲ.

ನಾಲ್ಕು ತಿಂಗಳಾಯಿತು. ಒಂದು ಸಂತೆಯ ದಿನ ಮೂವರೂ ಸೊಪ್ಪು ತರಲು ಹೋಗಿದ್ದೆವು. ದೊರೆಸಾನಿ ಗತ್ತಿನಿಂದ ಚೌಕಕ್ಕೆ ಫೋನು ಹಿಡಿದು ಗುಟ್ಟು ಸಂಖ್ಯೆ ಒತ್ತಿದಳು. ಚಕ್ರ ತಿರುಗಿತು, ತಿರುಗಿತು, ಕೊನೆಗೆ ಕೆಂಪಗೆ ಏನೋ ಬಂತು. ಸೊಪ್ಪಿನವಳು ಕಟ್ಟು ಹಿಡಿದುಕೊಂಡು ಕಾಯುತ್ತಿದ್ದಳು. ಅತ್ತೆ ಫೋನು ಕಿತ್ತುಕೊಂಡರು. ಕನ್ನಡಕ ಏರಿಸಿ, ಕೂಡಿಸಿ ಕೂಡಿಸಿ ಓದಿದರು.

"ಪಾ… ವ… ತಿ. ವಿ… ಫ… ಲ… ವಾ… ಗಿ… ದೆ."

ಅವರು ತಮ್ಮ ಮಾತೃಭಾಷೆಯಲ್ಲಿ ಯಾರ ಸಹಾಯವಿಲ್ಲದೆ ಓದಿದ ಮೊದಲ ವಾಕ್ಯ ಅದು. ನನ್ನ ಕಣ್ಣಲ್ಲಿ ನೀರು ಬಂತು. ಅವರು ನನ್ನ ಕಡೆ ತಿರುಗಿದರು.

"ವಿಫಲ ಅಂದ್ರೆ ಏನು?"

"ಆಗಲಿಲ್ಲ ಅಂತ, ಅತ್ತೆ."

"ಇದು ಯಾವ ಬಾಸೆ?"

"ಕನ್ನಡ."

"ಹುಟ್ಟಿದಾಗಿಂದ ಕನ್ನಡ ಆಡ್ತೀನಿ, ನಂಗೇ ತಿಳೀದ ಕನ್ನಡಾನಾ? ಆಗ್ಲಿಲ್ಲಾಂದ್ರೆ ಆಗ್ಲಿಲ್ಲ ಅನ್ನೋದಕ್ಕೆ ಏನು ದಾಡಿ?" ಅಂದು, ಸೊಂಟದ ಸಂಚಿ ಬಿಚ್ಚಿ ನಾಣ್ಯ ಎಣಿಸಿ ಸೊಪ್ಪಿನವಳಿಗೆ ಕೊಟ್ಟರು. ದೊರೆಸಾನಿಗೆ ಒಂದು ಪದವೂ ಅರ್ಥವಾಗದಿದ್ದರೂ, ಹೌದು ಹೌದು ಅಂತ ತಲೆಯಾಡಿಸಿದಳು.

ಒಂದೂವರೆ ವರ್ಷ ಮುಗಿಸಿ ಆಕೆ ಊರಿಗೆ ಹೊರಟಳು. ಹೊರಡುವ ಹಿಂದಿನ ದಿನ ನಾನು ತಪ್ಪೊಪ್ಪಿಕೊಂಡೆ, ಭಾಷೆ ಬದಲಾಯಿಸಬಹುದಿತ್ತು ಅಂತ. "ಗೊತ್ತು. ಎರಡನೇ ವಾರವೇ ಕಂಪನಿಯಲ್ಲಿ ಒಬ್ಬರು ತೋರಿಸಿದರು" ಅಂದಳು. ಮತ್ತೇಕೆ ಬದಲಾಯಿಸಲಿಲ್ಲ ಅಂತ ಕೇಳಿದೆ. "ಅಷ್ಟರಲ್ಲಿ ನಿಮ್ಮತ್ತೆಗೆ ಪಾಠ ಶುರುವಾಗಿತ್ತಲ್ಲ" ಅಂದಳು. ನೋಟ್‌ಬುಕ್ಕನ್ನು ಅತ್ತೆಗೇ ಬಿಟ್ಟು ಹೋದಳು.

ಅತ್ತೆ ಅಲ್ಲಿಗೆ ನಿಲ್ಲಿಸಲಿಲ್ಲ. ನನ್ನ ತವರಿನಿಂದ ಬಂದ ಪಂಚಾಂಗ, ಅಗರಬತ್ತಿಯ ಪೆಟ್ಟಿಗೆ, ಕುಂಕುಮದ ಪೊಟ್ಟಣ, ಕನ್ನಡದಲ್ಲಿ ಏನು ಸಿಕ್ಕಿದರೂ ಓದಿದರು. ಹೋದ ತಿಂಗಳು ಒಂದು ಮಧ್ಯಾಹ್ನ ನಾನು ಬಟ್ಟೆ ಒಣಗಿಸಿ ಕೆಳಗಿಳಿದಾಗ ನನ್ನ ಫೋನು ಅವರ ಕೈಯಲ್ಲಿತ್ತು. ಚಿತ್ರದುರ್ಗದ ನನ್ನ ಅಕ್ಕನಿಗೆ ಬೆಳಿಗ್ಗೆ ಕಳಿಸಿದ ಮೆಸೇಜು ತೆರೆದಿತ್ತು. ಈ ಮನೆಯಲ್ಲಿ ಯಾರೂ ಓದಲಾರರು ಎನ್ನುವ ಧೈರ್ಯದಲ್ಲಿ ಇಷ್ಟು ವರ್ಷ ನಾನು ಅಕ್ಕನಿಗೆ ಏನೇನು ಬರೆದಿದ್ದೇನೋ ದೇವರಿಗೇ ಗೊತ್ತು.

"ಬಾ ಇಲ್ಲಿ" ಅಂದರು. ಮುಖದಲ್ಲಿ ಕೋಪವಿಲ್ಲ, ಪರೀಕ್ಷೆಗೆ ಕೂತವರ ಗಾಂಭೀರ್ಯ. "'ಅತ್ತೆಯ ಹಠ ಜಾಸ್ತಿಯಾಗಿದೆ.' ಅಲ್ಲೀವರೆಗೂ ಓದೋಕೆ ಬಂತು. 'ಈ' ಆದ ಮೇಲೆ ಒಂದು ಪದ ಕಷ್ಟ ಅದೆ. ಓದಿ ಸೊಲ್ಲು."

ನೋಡಿದೆ. ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ.

"ಜಗಮೊಂಡಿ" ಅಂತ ಓದಿದೆ.

ಅವರು ಬೆರಳಿಟ್ಟು ಒಂದೊಂದೇ ಅಕ್ಷರ ಹೊಂದಿಸಿ ನೋಡಿದರು. ಜ. ಗ. ಮೊಂ. ಡಿ. ಸರಿಯಾಗಿದೆ ಎನ್ನುವಂತೆ ತಲೆಯಾಡಿಸಿ, "ಆ ಸೊನ್ನೆ ಒಂದು ನಂಗೆ ಇನ್ನೂ ಕೈಗೆ ಹತ್ತಿಲ್ಲ" ಅಂದರು. ಆಮೇಲೆ ಮೂರು ದಿನ ನನ್ನೊಡನೆ ಮಾತು ಬಿಟ್ಟರು.