ಬೀಗ ಹಾಕಿದ ವಾಕಿಟಾಕಿ

ವಾಕಿಟಾಕಿ ತಾನಾಗಿಯೇ ಮಾತಾಡಿತು ಎಂದು ಯಾರಾದರೂ ಹೇಳಿದ್ದರೆ ನಾನು ನಕ್ಕು ಕಳಿಸುತ್ತಿದ್ದೆ. ಪಾಂಡವಪುರದ ಕಬ್ಬಿನ ಯಾರ್ಡಿನಿಂದ ಕಿಕ್ಕೇರಿಯ ಕಲ್ಯಾಣಮಂಟಪದವರೆಗೆ ಆ ಸೆಟ್ಟುಗಳಿಗೆ ಚಾನಲ್ ಹಾಕಿಕೊಡುವುದೇ ನನ್ನ ಕಸುಬು. ಲ್ಯಾಪ್‌ಟಾಪಿಗೆ ಕೇಬಲ್ ಸಿಕ್ಕಿಸಿ ಸಾಫ್ಟ್‌ವೇರಿನಲ್ಲಿ ಚಾನಲ್ ತುಂಬಬೇಕು. ತುಂಬದ ಚಾನಲ್ ಕೇಳಿಸುವುದಿಲ್ಲ. ಇದನ್ನು ಈಗಲೂ ನಂಬುತ್ತೇನೆ. ಆದರೂ ಆ ಆಯುಧಪೂಜೆ ನೆನಪಾದರೆ ನನಗೆ ಭಯಕ್ಕಿಂತ ಮೊದಲು ಸಿಟ್ಟು ಬರುತ್ತದೆ.

ಶ್ರೀರಂಗಪಟ್ಟಣದ ಹತ್ತಿರ ಹೊಳೆಯಲ್ಲಿ ಜನರನ್ನು ತೆಪ್ಪದಲ್ಲಿ ಸುತ್ತಿಸುವ ಗುತ್ತಿಗೆದಾರನೊಬ್ಬನಿದ್ದ. ಪಾಲಹಳ್ಳಿಯ ನನ್ನ ಗೆಳೆಯ ಸಿದ್ದರಾಜು ಅವನ ಬಳಿ ತೆಪ್ಪ ನಡೆಸುತ್ತಿದ್ದ. ಮೇಲಿನ ಅಣೆಕಟ್ಟೆಯಿಂದ ಬರುವ ನೀರು ಹೆಚ್ಚಾದರೆ ದಡದ ಆಫೀಸಿನವರು ವಾಕಿಟಾಕಿಯಲ್ಲಿ ತೆಪ್ಪದವರನ್ನು ಕೂಗಬೇಕು. ಗುತ್ತಿಗೆದಾರ ಆಫೀಸಿಗೆ ಮಾತ್ರ ಹೊಸ ಸೆಟ್ಟು ತಂದ, ಅದರ ಚಾನಲ್ ಬೇರೆ. ತೆಪ್ಪದ ಹಳೇ ಸೆಟ್ಟುಗಳಿಗೆ ಆಫೀಸಿನ ಕೂಗು ಕೇಳಿಸದಂತಾಯಿತು. ಹಬ್ಬದ ಹಿಂದಿನ ದಿನ ಸಿದ್ದರಾಜು ತನ್ನ ಸೆಟ್ಟು ಹಿಡಿದು ನನ್ನ ಅಂಗಡಿಗೆ ಬಂದ.

ಕೇಬಲ್ ಸಿಕ್ಕಿಸಿದರೆ ಸಾಫ್ಟ್‌ವೇರು ಪಾಸ್‌ವರ್ಡ್ ಕೇಳಿತು. ಬೇರೆಯವರು ಮುಟ್ಟಬಾರದೆಂದು ಮಾರಿದವರು ಬೀಗ ಹಾಕಿದ್ದರು. ಅವರನ್ನು ಕೇಳಿದರೆ, ಗುತ್ತಿಗೆದಾರರು ಹೇಳದೆ ಪಾಸ್‌ವರ್ಡ್ ಕೊಡುವುದಿಲ್ಲ ಎಂದರು. ಅವನಿಗೇ ಫೋನ್ ಮಾಡಿದೆ.

"ಅಬ್ಬ ಮುಗೀಲಿ ಬುಡು, ನೋಡನ."

"ಅಬ್ಬದಲ್ಲೇ ಅಲ್ವಾ ಅಣ್ಣಾ ಜನ ಬರೋದು?"

"ರಿಪೇರಿಯವ್ನು ರಿಪೇರಿ ಮಾಡ್ಕಂಡಿರು" ಎಂದು ಇಟ್ಟುಬಿಟ್ಟ.

ನನ್ನ ಮುಖ ನೋಡಿ ಸಿದ್ದರಾಜು ನಕ್ಕ. "ಓಗ್ಲಿ ಬುಡ್ಲಾ. ನೀರು ಬಂದ್ರೆ ನೀನೇ ಇಲ್ಲಿಂದ ಕೂಗ್ಬುಡು."

ನಮ್ಮದು ಕಮ್ಮಾರರ ಮನೆ. ಆಯುಧಪೂಜೆಯಲ್ಲಿ ಕುಂಕುಮ ಇಟ್ಟ ಮೇಲೆ ಮಾರನೇ ಬೆಳಗಿನವರೆಗೆ ಯಾವ ಸಾಮಾನನ್ನೂ ಮುಟ್ಟುವುದಿಲ್ಲ. ತಾತನ ಸುತ್ತಿಗೆಯ ಪಕ್ಕ ಲ್ಯಾಪ್‌ಟಾಪು, ಕೇಬಲ್ಲು, ಬ್ಯಾಟರಿ ತೆಗೆದ ನನ್ನ ಸೆಟ್ಟು ಎಲ್ಲಕ್ಕೂ ಹೂ ಇಟ್ಟಿದ್ದೆ. ಮಧ್ಯಾಹ್ನವೆಲ್ಲ ಮನೆಯಲ್ಲೇ ಹೆಂಡತಿಯ ಜೊತೆ ಕಡ್ಲೆಕಾಯಿ ಬಿಡಿಸುತ್ತಾ ಕೂತಿದ್ದೆ.

ಸಂಜೆ ಸಿದ್ದರಾಜು ಒದ್ದೆ ಬಟ್ಟೆಯಲ್ಲೇ ಬಂದು ನನ್ನ ತಬ್ಬಿಕೊಂಡ. "ಬದುಕಿಸ್ಬುಟ್ಟೆ ಕಣ್ಲಾ! ಬೀಗ ಇದ್ರೂ ಎಂಗ್ಲಾ ಕೂಗ್ದೆ?"

"ಏನ್ ಏಳ್ತಾ ಇದ್ದೀಯಾ?"

ನಡುಹೊಳೆಯಲ್ಲಿ, ಮಕ್ಕಳೊಂದಿಗರು ಕೂತ ತೆಪ್ಪದಲ್ಲಿ, ಅವನ ಸೆಟ್ಟು ನನ್ನ ಧ್ವನಿಯಲ್ಲಿ ಕೂಗಿತಂತೆ: "ಸಿದ್ದ, ನೀರು ಬತ್ತಾ ಅದೆ, ದಡಕ್ಕೆ ಬಾರ್ಲಾ." ತೆಪ್ಪದಲ್ಲಿದ್ದವರೂ ಕೇಳಿದರಂತೆ. ಅವನು ದಡದ ಕಡೆ ಹುಟ್ಟು ಹಾಕಿದ್ದನ್ನು ನೋಡಿ ಉಳಿದ ತೆಪ್ಪದವರೂ ತಿರುಗಿಕೊಂಡರು. ದಡ ಸೇರುವಷ್ಟರಲ್ಲಿ ನಡುಹೊಳೆಯ ಬಂಡೆಗಳು ಮುಳುಗಿದ್ದವು. ಆಫೀಸಿನವರು ಕೂಗಿದ್ದು ಯಾವ ತೆಪ್ಪಕ್ಕೂ ಮುಟ್ಟಿರಲಿಲ್ಲ.

ನನ್ನ ಸೆಟ್ಟಿನ ಮೇಲೆ ಬೆಳಗ್ಗೆ ಇಟ್ಟ ಹೂ ಅಲುಗಾಡಿರಲಿಲ್ಲ.

ಮಾರನೇ ದಿನ ಗುತ್ತಿಗೆದಾರ ಸಿದ್ದರಾಜುವನ್ನೂ ಅವನ ಸೆಟ್ಟನ್ನೂ ಎಳೆದುಕೊಂಡು ಅಂಗಡಿಗೆ ಬಂದ. ಜನ ಉಳಿದರಲ್ಲ ಎಂಬ ಒಂದು ಮಾತು ಅವನ ಬಾಯಲ್ಲಿ ಬರಲಿಲ್ಲ. "ಯಾರನ್ನ ಕೇಳಿ ನನ್ ಸೆಟ್ಟಿನ ಬೀಗ ಒಡದ್ಯೋ?" ಎಂದ. ನಾನು ಅವನ ಎದುರಿಗೇ ಕೇಬಲ್ ಸಿಕ್ಕಿಸಿದೆ. ಸಾಫ್ಟ್‌ವೇರು ಮತ್ತೆ ಪಾಸ್‌ವರ್ಡ್ ಕೇಳಿತು.

"ನೋಡಣ್ಣಾ, ಬೀಗ ಅಂಗೇ ಅದೆ."

"ತಗ್ದು ಮತ್ತೆ ಆಕಿದ್ದೀಯ, ಕಳ್ಳ."

ಅಂದೇ ಸಿದ್ದರಾಜುವನ್ನು ಕೆಲಸದಿಂದ ತೆಗೆದ. ಇಷ್ಟು ಜನರನ್ನು ದಡ ಮುಟ್ಟಿಸಿದವನಿಗೆ ಸಿಕ್ಕಿದ್ದು ಅದು.

ಈ ಕಸುಬಿನಲ್ಲಿ ನನಗಿಂತ ಹಳಬರನ್ನೆಲ್ಲ ಕೇಳಿದೆ. ಹಾಗಾಗಲು ಸಾಧ್ಯವೇ ಇಲ್ಲ ಎಂದರು. ನನಗೂ ಹಾಗೇ ಅನ್ನಿಸುತ್ತದೆ. ಸಿದ್ದರಾಜು ಈಗ ನಾಗಮಂಗಲದ ಕಡೆ ಹಾಲಿನ ಗಾಡಿ ಓಡಿಸುತ್ತಾನೆ. ಫೋನ್ ಮಾಡಿದಾಗಲೆಲ್ಲ ಆ ಮಾತನ್ನು ನನ್ನಿಂದ ಹೇಳಿಸಿ, "ಇದೇ ಧ್ವನಿ ಕಣ್ಲಾ" ಎನ್ನುತ್ತಾನೆ. ನಾನು ಕೂಗಿರಲಿಲ್ಲ. ಕೂಗಿದ್ದು ಯಾರೋ ತಿಳಿಯದು. ಆ ಹಳೇ ಸೆಟ್ಟುಗಳು ಮಾತ್ರ ಇವತ್ತಿಗೂ ಅದೇ ಬೀಗದಲ್ಲಿ, ಮಕ್ಕಳಿರುವ ತೆಪ್ಪಗಳಲ್ಲಿ ಹೊಳೆಗಿಳಿಯುತ್ತಿವೆ.