ಖಂಡ್ಯಾನ ಉಸಿರು, ಗಲ್ಲಿಯ ಹೊಕ್ಕುಳು

ಕಳೆದ ತಿಂಗಳು ನಾನು ಕುಡಿದ ನೀರಿಗೆ ಲೆಕ್ಕವಿಲ್ಲ.

ಬಾಯಾರಿಕೆಯಿಂದಲ್ಲ. ಭಯದಿಂದ. ಮುಂಜಾನೆ ಎದ್ದ ಕೂಡಲೇ ಒಂದು ತಂಬಿಗೆ. ಜಳಕಕ್ಕೆ ಮೊದಲು ಒಂದು, ಆಮೇಲೆ ಒಂದು. ಶಾಲೆಯಲ್ಲಿ ಪಿರಿಯಡ್ ಮುಗಿದಾಗಲೆಲ್ಲ ಒಂದು ಗ್ಲಾಸು. ಕುಡಿಯುವ ಮೊದಲು ನೀರನ್ನು ದಿಟ್ಟಿಸಿ ನೋಡುತ್ತಿದ್ದೆ. ಹೆದರಿಕೆ ಬರುತ್ತಿದೆಯೇ? ಇಲ್ಲ. ಗಂಟಲು ಬಿಗಿಯುತ್ತಿದೆಯೇ? ಸ್ವಲ್ಪ. ಅಂದರೆ? ತಾ ಇನ್ನೊಂದು ಗ್ಲಾಸು.

"ಎಷ್ಟ ಸಲ ಹಿತ್ತಲಕ್ಕ ಹೊಂಟೀರಿ? ನಿಮಗ ಶುಗರ್ ಆಗೇತಿ ನೋಡ್ರಿ," ಎಂದಳು ಹೆಂಡತಿ ಶಾಂತಾ.

ಸಕ್ಕರೆ ಕಾಯಿಲೆ! ಅದೊಂದು ಹೊಳೆದೇ ಇರಲಿಲ್ಲ. ಅದರ ಚಿಂತೆಯನ್ನೂ ಶುರು ಮಾಡಿದೆ.

(ಈ ಅಂಕಣ ಓದುವವರಿಗೆ ನನ್ನ ಸ್ವಭಾವ ಹೊಸದಲ್ಲ. ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂಬ ಸಂಶಯಕ್ಕೆ ನಿಪ್ಪಾಣಿ ಬಸ್ ಸ್ಟ್ಯಾಂಡಿನಿಂದ ನಮ್ಮೂರು ಅಕ್ಕೋಳಕ್ಕೆ ಓಡಿ ಬಂದವನು ನಾನು. ಬಾಗಿಲು ತೆಗೆದ ಮೇಲೆ ನೆನಪಾಯಿತು, ನಮ್ಮ ಮನೆಗೆ ಗ್ಯಾಸ್ ಇನ್ನೂ ಬಂದೇ ಇಲ್ಲ.)

ಈ ನೀರಿನ ಕಥೆಗೆ ಕಾರಣ ಗೇಣುದ್ದದ ಒಂದು ನಾಯಿಮರಿ.

ಬೇಡಕಿಹಾಳದಲ್ಲಿ ಗೆಳೆಯನ ತೋಟದ ನಾಯಿ ಮರಿ ಹಾಕಿತ್ತು. ಐದನೆಯ ಇಯತ್ತೆ ಓದುವ ಮಗಳು ಸುಮಾ ಹಟ ಹಿಡಿದಳು. ನಾಯಿ ಸಾಕಿದರೆ ಏನೇನು ಅನಾಹುತ ಆಗಬಹುದು ಎಂದು ನಾನು ವಿವರವಾಗಿ ಹೇಳಿದೆ. ಹೇಳಿ ಮುಗಿಸುವಷ್ಟರಲ್ಲಿ ಶಾಂತಾ ಅದನ್ನು ಕೈಚೀಲದಲ್ಲಿಟ್ಟು, ಮೇಲೆ ಮೆಂತೆ ಸೊಪ್ಪು ಮುಚ್ಚಿ, ಬಸ್ಸಿನಲ್ಲಿ ತಂದಾಗಿತ್ತು. ಬೆಳ್ಳಗಿತ್ತು. ಒಂದು ಕಿವಿ ಮಾತ್ರ ಕಂದು.

ತಂದದ್ದು ಭಾನುವಾರ. ಭಾನುವಾರ ಖಂಡೋಬನ ವಾರ, ನಾಯಿ ಖಂಡೋಬನ ಬಂಟ. "ಖಂಡ್ಯಾ ಅನ್ರಿ ಅದಕ್ಕ," ಎಂದು ಅವ್ವ ದೂರದಿಂದಲೇ ಅಪ್ಪಣೆ ಕೊಟ್ಟಳು. ಅವ್ವನಿಗೆ ನಾಯಿ ಅಂದರೆ ಮೈಲಿಗೆ. ಹೆಸರು ಕೊಡಬಹುದು, ಮುಟ್ಟಬಾರದು.

ಹೆಸರು ಬಂದ ಮೇಲೆ ತೊಟ್ಟಿಲು ಬೇಡವೇ? ಸುಮಾ ಮತ್ತು ಗಲ್ಲಿಯ ಹುಡುಗಿಯರು ಬಿದಿರ ಬುಟ್ಟಿಗೆ ಹಳೆಯ ಸೀರೆ ಕಟ್ಟಿದರು. ಶುರುವಾದದ್ದು ಆಟವಾಗಿ. ಆದರೆ ನಮ್ಮ ಗಲ್ಲಿಯ ಹೆಂಗಸರು ಅರಿಷಿಣ-ಕುಂಕುಮಕ್ಕೆ ಕರೆದರೆ ಎಷ್ಟು ಗಂಟೆಗೆ ಅಂತ ಕೇಳುತ್ತಾರೆ, ಯಾರದು ಅಂತ ಕೇಳುವುದಿಲ್ಲ. ಸಂಜೆಗೆ ಅಂಗಳ ತುಂಬಿತು. ಪಕ್ಕದ ಮನೆಯ ಮರಾಠಿ ಇಂದೂ ಕಾಕು ಸೋದರತ್ತೆಯಾಗಿ ಬುಟ್ಟಿಯ ಮೇಲೆ ಬಾಗಿ, ಮರಿಯ ಕಿವಿಯಲ್ಲಿ "ಕುರ್‍ರ್" ಎಂದರು. ಖಂಡ್ಯಾ "ಗುರ್‍ರ್" ಎಂದಿತು. ನಾಮಕರಣದ ಪದ್ಧತಿಯಂತೆ ಉಳಿದವರು ಕಾಕುವಿನ ಬೆನ್ನಿಗೆ ಧಬಧಬ ಗುದ್ದಿದರು.

ಪೇಢೆಯ ಬದಲು ಸಕ್ಕರೆ ಹಂಚಿದೆವು. ಅಲ್ಲೇ ಆದದ್ದು ಎಡವಟ್ಟು. ಯಾರೋ ಅಂಗೈಯಲ್ಲಿ ಸಕ್ಕರೆ ಹಿಡಿದರು. ಖಂಡ್ಯಾ ನೆಕ್ಕಿತು. "ಅಯ್ಯ, ಎಷ್ಟ ಛಂದ ನೆಕ್ತೈತಿ ನೋಡ್ರಿ!" ಎಂದರು. ಮುಗಿಯಿತು. ಎಲ್ಲರಿಗೂ ನೆಕ್ಕಿಸಿಕೊಳ್ಳುವ ಆಸೆ. ಹೊಲದಿಂದ ಬಂದ ಗಂಡಸರೂ ಸಾಲಿಗೆ ನಿಂತರು. ಎದುರು ಮನೆಯ ಬಾಳಗೊಂಡ ಕಾಕಾ ಎರಡೂ ಕೈ ಹಿಡಿದರು. ನಾನೂ ಹಿಡಿದೆ. ಅವ್ವ ಒಬ್ಬಳೇ ಎಲೆಯ ಮೇಲೆ ಸಕ್ಕರೆ ಹಾಕಿ, ಅದನ್ನು ಕೋಲಿನಿಂದ ಬುಟ್ಟಿಯ ಕಡೆಗೆ ನೂಕಿದಳು.

ಎರಡು ದಿನ ಬಿಟ್ಟು ಖಂಡ್ಯಾ ಮಲಗಿತು.

ವಾಂತಿ. ಭೇದಿ. ಬಾಯಲ್ಲಿ ಜೊಲ್ಲು. ನೀರಿನ ಬಟ್ಟಲು ಮುಂದಿಟ್ಟರೆ ಮುಖ ತಿರುಗಿಸುತ್ತಿತ್ತು. ಸುಮಾ ಶಾಲೆಗೆ ಹೋಗುವುದಿಲ್ಲ ಎಂದು ಅಳತೊಡಗಿದಳು. ನಾನು ಖಂಡ್ಯಾನನ್ನು ಟವೆಲಿನಲ್ಲಿ ಸುತ್ತಿಕೊಂಡು ನಿಪ್ಪಾಣಿಯ ಪಶು ಡಾಕ್ಟರ ಬಳಿ ಓಡಿದೆ. ಅವರು ನನ್ನ ಬೆನ್ನ ಹಿಂದೆ ಇಣುಕಿ, "ಎಮ್ಮಿ ಎಲ್ಲೈತ್ರಿ?" ಎಂದರು. ಟವೆಲು ಬಿಚ್ಚಿ ತೋರಿಸಿದೆ.

"ಹೊಟ್ಟಿ ಕೆಟ್ಟೈತ್ರಿ. ಮರಿಗೋಳಿಗೆ ಹಿಂಗ ಆಕ್ಕೈತಿ," ಎಂದು ಸೂಜಿ ಚುಚ್ಚಿ ಔಷಧಿ ಕೊಟ್ಟರು. "ಉಳಿಯೂದು ಕಠಿಣ ಐತಿ. ನೋಡೂಣು."

ಅಷ್ಟಕ್ಕೇ ಎದ್ದು ಬರಬೇಕಿತ್ತು. ಬರುವ ಜಾತಿಯೇ ನಾನು?

"ಜೊಲ್ಲ ಸುರಸಾಕತ್ತೈತಿ. ನೀರ ಕುಡಿಯೂದಿಲ್ಲ. ಹುಚ್ಚ ಏನರ..."

"ಅಲ್ಲ ಅನಸ್ತೈತ್ರಿ."

"ನೂರಕ್ಕ ನೂರ ಅಲ್ಲೇನ್ರಿ?"

"ಸರ, ನೂರಕ್ಕ ನೂರ ಅಂದ್ರ ನಾಳಿ ನಾ ಇರತೇನೋ ಇಲ್ಲೋ, ಅದನ್ನೂ ಹೇಳಾಕ ಆಗೂದಿಲ್ಲ!"

ಚಿಂತೆ ಮಾಡುವವನಿಗೆ ಇಷ್ಟು ಸಾಕು. ಅಲ್ಲಿಂದ ನೇರ ಮನುಷ್ಯರ ಡಾಕ್ಟರ ಬಳಿ ಹೋದೆ. ಅವರು ಸಮಾಧಾನದಿಂದ ವಿವರಿಸಿದರು. ನಾಯಿಯ ಹುಚ್ಚು ಮನುಷ್ಯರಿಗೆ ತಗುಲಿದರೆ ನೀರು ಕಂಡರೇ ಹೆದರಿಕೆ, ಗಂಟಲು ಬಿಗಿತ. ನೆಕ್ಕಿದ ಜಾಗದಲ್ಲಿ ಗಾಯವಿದ್ದರೆ ಮಾತ್ರ ಅಪಾಯ. ನೆಕ್ಕಿದ ದಿನದಿಂದ ಹತ್ತು ದಿನ ನಾಯಿ ಬದುಕಿದರೆ ಚಿಂತೆಯಿಲ್ಲ. ಅಷ್ಟರೊಳಗೆ ಸತ್ತರೆ ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್. ದಿನಕ್ಕೊಂದು.

"ಕೈಯಾಗ ಗಾಯ ಐತೇನ್ರಿ?"

ಕಬ್ಬು ಕಡಿಯುವ ಹಂಗಾಮಿನಲ್ಲಿ ನಮ್ಮ ಕಡೆ ಗೀರಿಲ್ಲದ ಕೈ ಯಾರದಿದೆ? ಕಬ್ಬಿನ ಗರಿ ಅಂದರೆ ಬ್ಲೇಡು. ಮಾಸ್ತರನಾದ ನನ್ನ ಕೈಯಲ್ಲೇ ಎರಡು ಗೀರು. ರವಿವಾರ ಹೊಲಕ್ಕೆ ಹೋಗಿ ಫುಕಟ್ ಕಬ್ಬು ಮುರಿದು ತಿಂದದ್ದರ ಫಲ.

"ನಿಮ್ಮನ್ನಷ್ಟ ನೆಕ್ಕೈತಿಲ್ಲೋ?" ಎಂದರು ಡಾಕ್ಟರು.

"ಇಲ್ರಿ," ಎಂದೆ. "ಇಡೀ ಗಲ್ಲೀನ ನೆಕ್ಕೈತ್ರಿ."

ಡಾಕ್ಟರು ಪೆನ್ನು ಕೆಳಗಿಟ್ಟರು.

ಊರಿಗೆ ಬಂದವನು ಬಾಳಗೊಂಡ ಕಾಕಾ ಒಬ್ಬರಿಗೇ ಹೇಳಿದೆ. ಎರಡೂ ಕೈ ನೆಕ್ಕಿಸಿಕೊಂಡವರು, ಹೇಳದಿದ್ದರೆ ತಪ್ಪಲ್ಲವೇ? "ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ ಕಾಕಾ" ಎಂದು ಆಣೆ ಹಾಕಿಸಿಕೊಂಡೆ. ಅವರು ಮಾತು ಉಳಿಸಿಕೊಂಡರು. ಯಾರಿಗೂ ಏನೂ ಹೇಳಲಿಲ್ಲ. ಚಹಾದ ಅಂಗಡಿಯಲ್ಲಿ ಅಂಗಿ ಎತ್ತಿ, "ಹೊಕ್ಕಳದ ಸುತ್ತ ಹದಿನಾಕ ಸೂಜಿ ಅಂದ್ರ ಎಲ್ಲೆಲ್ಲಿ ಕುಂಡರತಾವಲೇ?" ಎಂದು ಕೇಳಿದರು, ಅಷ್ಟೇ.

ಆ ಸಂಜೆಯಿಂದ ನಮ್ಮ ಮನೆಗೆ ಜನ.

ನನ್ನ ಮದುವೆಗೆ ಇಷ್ಟು ಮಂದಿ ಬಂದಿರಲಿಲ್ಲ. ಮುಂಜಾನೆ ಹಲ್ಲುಜ್ಜುತ್ತಲೇ ಬರುತ್ತಿದ್ದರು. "ಹೆಂಗೈತ್ರಿ?" "ಉಸುರಾಡಾಕತ್ತೈತ್ರಿ." "ಆಡ್ಲಿ, ಆಡ್ಲಿ." ಒಬ್ಬರು ಎಳನೀರು ತಂದರು. ಇನ್ನೊಬ್ಬರು ತಾಯತ ಕಟ್ಟಿದರು. ಬೀದಿ ನಾಯಿ ಕಂಡರೆ ಕಲ್ಲು ಹುಡುಕುತ್ತಿದ್ದ ಬಾಳಗೊಂಡ ಕಾಕಾ ದಿನಾ ತಮ್ಮ ಎಮ್ಮೆಯ ಹಾಲು ಕಳಿಸಿದರು. ಹೊಟ್ಟೆ ಕೆಟ್ಟ ನಾಯಿಗೆ ಹಾಲು ಕೊಡಬಾರದೆಂದು ಪಶು ಡಾಕ್ಟರು ಹೇಳಿದ್ದರು. ಹಾಲು ನಾವೇ ಕುಡಿದೆವು. (ಇದನ್ನು ಕಾಕಾ ಓದುವುದಿಲ್ಲ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ.)

ಒಂದು ದಿನ ಕಾಕಾ ಖಂಡೋಬನ ಗುಡಿಗೆ ಹೋಗಿ ಭಂಡಾರ ತಂದರು. ಭಂಡಾರ ಅಂದರೆ ಅರಿಷಿಣ ಪುಡಿ. ಭಕ್ತಿ ಜಾಸ್ತಿಯಾಗಿ, ಮುಷ್ಟಿಗಟ್ಟಲೆ ಮರಿಯ ಮೇಲೆ ಸುರಿದು, ಕೈ ಮುಗಿದು ಹೋದರು. ಹಿಂದಿನಿಂದಲೇ ಇಂದೂ ಕಾಕು ಬಂದರು. ಬುಟ್ಟಿಯಲ್ಲಿ ಇಣುಕಿದವರೇ ಎದೆ ಬಡಿದುಕೊಂಡರು.

"ಅಗ ಬಾಈ! ಕಾವೀಳ ಝಾಲೀ! ಕಾಮಾಲಿ ಆಗೇತಿ ನೋಡ್ರಿ ಸರ, ಕಣ್ಣೊಂದ ಬಿಟ್ಟ ಎಲ್ಲಾ ಹಳದಿ!"

ನಾನು ಒಳಗೆ ಓಡಿ ಕನ್ನಡಿಯಲ್ಲಿ ನನ್ನ ಕಣ್ಣು ನೋಡಿಕೊಂಡೆ. ಅವೂ ಸ್ವಲ್ಪ ಹಳದಿ ಕಂಡವು. ಶಾಂತಾ ಒದ್ದೆ ಬಟ್ಟೆ ತಂದು ಮರಿಯ ಮೈ ಒರೆಸಿದಾಗ ಕಾಮಾಲೆ ವಾಸಿಯಾಯಿತು. ನನ್ನದು ಸಂಜೆಯ ತನಕ ಇತ್ತು.

ಆದರೆ ಖಂಡ್ಯಾ ದಿನದಿಂದ ದಿನಕ್ಕೆ ಇಳಿಯುತ್ತಿತ್ತು. ಪಕ್ಕೆಲುಬು ಎಣಿಸಬಹುದಿತ್ತು. ರವಿವಾರ ಮುಂಜಾನೆ ಕುತ್ತಿಗೆ ವಾಲಿಸಿತು. ಸುದ್ದಿ ಹಬ್ಬಿ, ಟೀವಿಯಲ್ಲಿ ಬರುತ್ತಿದ್ದ ಪುರಾಣದ ಸೀರಿಯಲ್ಲನ್ನು ಅರ್ಧಕ್ಕೇ ಬಿಟ್ಟು ಗಲ್ಲಿಯೆಲ್ಲ ನಮ್ಮ ಅಂಗಳಕ್ಕೆ ಬಂತು. ಬಾಳಗೊಂಡ ಕಾಕಾರ ಕೈ ತಾನಾಗಿಯೇ ಹೊಟ್ಟೆಯ ಮೇಲೆ ಹೋಗಿ ಕೂತಿತ್ತು.

"ನಿಮ್ಮ ಹೊಟ್ಟಿಗೆ ಏನ ಆಗತೈತ್ರಿ ಕಾಕಾ? ಸೂಜಿ ಒಳಗ ಮುಟ್ಟಬೇಕಲ್ಲ!" ಎಂದನೊಬ್ಬ.

"ಸುಮ್ಮ ಕುಂಡರಲೇ! ಹೊಟ್ಟಿ ದೊಡ್ಡದಿದ್ರ ಸೂಜೀನೂ ದೊಡ್ಡದ ತರತಾರ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ನಗುತ್ತ ಕಣ್ಣೊರೆಸಿಕೊಂಡೆ.

ಬುಟ್ಟಿಯ ಪಕ್ಕ ಕೂತಿದ್ದ ಸುಮಾ ತಲೆ ಎತ್ತಿದಳು. ಅತ್ತು ಅತ್ತು ಅವಳ ಮುಖ ಬಾತುಕೊಂಡಿತ್ತು.

"ಅಪ್ಪಾ, ನೀ ಅಳಾಕತ್ತಿದ್ದು ಖಂಡ್ಯಾನ ಸಲುವಾಗೋ, ಸೂಜಿ ಸಲುವಾಗೋ?"

ಶಾಲೆಯಲ್ಲಿ ದಿನಕ್ಕೆ ನೂರು ಪ್ರಶ್ನೆ ಕೇಳುವವನು ನಾನು. ಇದು ಬಂದಾಗ ಟವೆಲಿನಿಂದ ಮತ್ತೆ ಮತ್ತೆ ಮುಖ ಒರೆಸಿಕೊಂಡೆ. ಅಂಗಳದಲ್ಲಿ ಇದ್ದವರೆಲ್ಲ ಬೇರೆ ಬೇರೆ ದಿಕ್ಕು ನೋಡಿದರು. ಅಷ್ಟು ದಿನ ಅಷ್ಟು ಮಂದಿ ಬಂದು ಹೋದರಲ್ಲ, ಪಾಪ ಅದಕ್ಕೆಷ್ಟು ಸಂಕಟವೋ ಅಂದವರು ಒಬ್ಬರಾದರೂ ಇದ್ದರೇ?

ಅಷ್ಟರಲ್ಲಿ ಅವ್ವ ಒಳಗಿನಿಂದ ಬಂದಳು. ಕೈಯಲ್ಲಿ ಸಕ್ಕರೆ-ಉಪ್ಪು ಕಲಸಿದ ನೀರಿದ್ದ ವಾಟಗಾ ಬಟ್ಟಲು, ಒಂದು ಹತ್ತಿಯ ಬತ್ತಿ. ಕಾಲು ಚಾಚಿ ಕೂತು, ಖಂಡ್ಯಾನನ್ನು ಎತ್ತಿ ತೊಡೆಯ ಮೇಲೆ ಹಾಕಿಕೊಂಡಳು. ಬರಿಗೈಯಲ್ಲಿ!

"ಅವ್ವಾ, ಮುಟ್ಟಬ್ಯಾಡ!" ನಾನು ಕೂಗಿದೆ. "ಇಡೀ ಗಲ್ಲಿಯೊಳಗ ನೀ ಒಬ್ಬಾಕಿನ ಪಾರಾಗೀದಿ!"

"ಪಾರಾಗಿ ಏನ ಮಾಡ್ಲಿ?" ಬತ್ತಿ ಅದ್ದಿ ಅದರ ಬಾಯಲ್ಲಿ ಹನಿ ಹಿಂಡುತ್ತಲೇ ಹೇಳಿದಳು. "ಜೀವ ಹೊಂಟೈತಿ ಅದರದು. ನಿಂದೇನೋ ಹೊಕ್ಕಳದ್ದು ಹಚ್ಚೀದಿ! ಸರಿ ಅತ್ಲಾಗ, ಗಾಳಿ ಬರಲಿ."

ಸರಿದೆ. ಎಲ್ಲರೂ ಸರಿದರು.

ಮಧ್ಯಾಹ್ನದವರೆಗೆ ಅವ್ವ ಏಳಲಿಲ್ಲ. ಹನಿ ಹಾಕುವುದು, ಒರೆಸುವುದು, ಮತ್ತೆ ಹನಿ. ಹೊರಗೆ ಬಿದ್ದದ್ದೇ ಹೆಚ್ಚು. ಊಟಕ್ಕೆ ಕರೆದರೆ "ನೀವ ಉಣ್ಣಹೋಗ್ರಿ" ಎಂದಳು. ಸಂಜೆಗೆ ಖಂಡ್ಯಾ ಬತ್ತಿಯನ್ನು ಚೀಪಿತು. ಮರುದಿನ ಮುಂಜಾನೆ ಬುಟ್ಟಿಯಿಂದ ಹೊರಬಂದು, ಕುಡುಕನ ಹಾಗೆ ತೂರಾಡುತ್ತ ಬಟ್ಟಲಿನ ಹತ್ತಿರ ಹೋಗಿ, ಮೂಸಿ ನೋಡಿ, ಲೊಚಲೊಚ ನೀರು ಕುಡಿಯಿತು. ಗಲ್ಲಿಯಲ್ಲಿ ಎದ್ದ ಸಿಳ್ಳೆ ಕೇಳಿದವರು ಕ್ರಿಕೆಟ್ಟಿನಲ್ಲಿ ಪಾಕಿಸ್ತಾನದ ಕೊನೆಯ ವಿಕೆಟ್ ಬಿತ್ತು ಅಂದುಕೊಂಡಿರಬೇಕು. ಬಾಳಗೊಂಡ ಕಾಕಾ ನನ್ನನ್ನು ಅಪ್ಪಿಕೊಂಡರು. ಅವರ ಹೊಟ್ಟೆಯ ಕಾರಣ ಪೂರ್ತಿ ಅಪ್ಪಲು ಆಗಲಿಲ್ಲ. ಸುಮಾ ಮಾತ್ರ ಅವ್ವನ ಸೆರಗಿನಲ್ಲಿ ಮುಖ ಹುದುಗಿಸಿಕೊಂಡಿದ್ದಳು.

ಹತ್ತನೆಯ ದಿನ ಖಂಡ್ಯಾ ಬಾಲ ಅಲ್ಲಾಡಿಸುತ್ತ ಬಾಗಿಲಲ್ಲಿ ಕೂತಿತ್ತು. ಬಂದವರೆಲ್ಲ ತಲೆ ಸವರಿ ಹೋದರು. (ಅಂಗೈ ಮಾತ್ರ ಯಾರೂ ಕೊಡಲಿಲ್ಲ.)

ಹನ್ನೊಂದನೆಯ ದಿನ ಯಾರೂ ಬರಲಿಲ್ಲ.

ಹಾಲೂ ಬರಲಿಲ್ಲ. ಚಹಾಕ್ಕೆ ಹಾಲಿಲ್ಲದೆ ಶಾಂತಾ ಎದುರು ಮನೆಯ ಕಡೆ ಎರಡು ಸಲ ನೋಡಿದಳು. ಮೂರನೆಯ ಸಲ ನೋಡುವಾಗ ಬಾಳಗೊಂಡ ಕಾಕಾ ಹೊರಗೆ ಬಂದರು. ಕೈಯಲ್ಲಿ ಅರ್ಧ ಕಚ್ಚಿದ ಚಪ್ಪಲಿ.

"ಸರ! ಕಟ್ಟಿ ಹಾಕ್ರಿ ನಿಮ್ಮ ನಾಯೀನ್ನ! ನಾಯಿ ಸಾಕಾಕ ಬರೂದಿಲ್ಲಂದ್ರ ಯಾಕ ತಂದ್ರಿ?"

ಹತ್ತು ದಿನ ಗಲ್ಲಿಯದಾಗಿದ್ದ ನಾಯಿ ಅಂದಿನಿಂದ ನನ್ನದಾಯಿತು.

ಇಷ್ಟೂ ಬರೆಯಲು ಕಾರಣವಿದೆ. ಈ ವಾರ ನನಗೆ ಜ್ವರ. ಸಾಧಾರಣದ್ದಲ್ಲ, ಎರಡು ಕಂಬಳಿಯ ಜ್ವರ. ಪಡಸಾಲೆಯಲ್ಲಿ, ಬಾಗಿಲಿಗೆ ಕಾಣುವ ಹಾಗೆಯೇ ಮಂಚ ಹಾಕಿಸಿಕೊಂಡು ಮಲಗಿದ್ದೇನೆ. ಗಲ್ಲಿಯವರು ಹೋಗುತ್ತಾರೆ, ಬರುತ್ತಾರೆ. ನಾನು ಸ್ವಲ್ಪ ಜೋರಾಗಿಯೇ ನರಳುತ್ತೇನೆ. ಎಳನೀರಿಲ್ಲ, ತಾಯತವಿಲ್ಲ, ಭಂಡಾರವಂತೂ ಇಲ್ಲವೇ ಇಲ್ಲ.

ನಿನ್ನೆ ಕೊನೆಗೊಮ್ಮೆ ಬಾಳಗೊಂಡ ಕಾಕಾ ಹೊಸ್ತಿಲಲ್ಲಿ ನಿಂತರು. ನನಗೆ ಕಣ್ಣು ತುಂಬಿ ಬಂತು. ಏಳಲು ಹೋದೆ.

"ಮಲ್ಕೋರಿ, ಮಲ್ಕೋರಿ. ಜ್ವರಾ ಬಂದಾವಂತ?"

"ಹೌದ್ರಿ ಕಾಕಾ. ಭಾಳ ಬಂದಾವು."

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಮುಖದಲ್ಲಿ ನಿಜವಾದ ಕಳವಳವಿತ್ತು.

"ನಾಯಿ ಆರಾಮ ಐತಲ್ಲ?"

"ಆರಾಮ ಐತ್ರಿ."

"ಹಂಗಾದ್ರ ಏನೂ ಚಿಂತಿಲ್ಲ ಬಿಡ್ರಿ," ಎಂದು ನಿಟ್ಟುಸಿರು ಬಿಟ್ಟು ಹೊರಟೇಹೋದರು.

ಊರು ಬಂದು ನಮ್ಮನ್ನು ವಿಚಾರಿಸಬೇಕಾದರೆ ಮೊದಲು ಎಷ್ಟು ಅಂಗೈ ನೆಕ್ಕಿರಬೇಕು, ನೀವೇ ಹೇಳಿ?