ಕಿವಿಗೆ ಎಟುಕದ ಮೆಡಿಕೇರ್

ಹೆಂಡತಿಗೆ ಬೇಗ ವಯಸ್ಸಾಗಲಪ್ಪ ಎಂದು ನಾನು ದಿನವೂ ದೇವರಿಗೆ ಕೈಮುಗಿಯುತ್ತೇನೆ. ನಿಮಗೆ ವಿಚಿತ್ರವೆನಿಸಬಹುದು. ಹೆಂಡತಿಗಿಂತ ಮೊದಲು ಅರವತ್ತೈದು ದಾಟಿ ಈ ದೇಶದಲ್ಲಿರುವ ಗಂಡಸರು ಮಾತ್ರ ಸುಮ್ಮನೆ ತಲೆದೂಗುತ್ತಾರೆ.

ಅರವತ್ತೈದು ತುಂಬಿದವರಿಗೆ ಇಲ್ಲಿನ ಸರ್ಕಾರ ಮೆಡಿಕೇರ್ ಎಂಬ ಆರೋಗ್ಯ ವಿಮೆ ಕೊಡುತ್ತದೆ. ಗಂಡನ ಪುಣ್ಯದಲ್ಲಿ ಹೆಂಡತಿಗೆ ಅರ್ಧ ಪಾಲೆಂದು ನಮ್ಮ ಶಾಸ್ತ್ರ ಹೇಳಿದರೂ ಗಂಡನ ಮೆಡಿಕೇರಿನಲ್ಲಿ ಆಕೆಗೆ ಚೂರೂ ಇಲ್ಲ; ಅವರವರ ವಯಸ್ಸು ಅವರವರಿಗೆ. ನಾನು ನಿವೃತ್ತನಾದ ದಿನ ಕಂಪನಿಯ ವಿಮೆ ಇಬ್ಬರಿಗೂ ತಪ್ಪಿತು, ಸರ್ಕಾರದ್ದು ನನಗೊಬ್ಬನಿಗೇ ಬಂತು. ಅವಳಿಗೆ ಹೊರಗೆ ವಿಮೆ ಕೊಳ್ಳೋಣವೆಂದರೆ ಅದರ ಕಂತು ನಮ್ಮ ಕೈ ಮೀರಿದ್ದು. ನನ್ನ ಮಂಡಿನೋವಿಗೆ ಅಮೆರಿಕ ಸರ್ಕಾರದ ಕಾವಲು. ಹೆಂಡತಿ ಶಾಂತಾಳ ಎದೆಗೆ ದೇವರೇ ಗತಿ.

ನಿಜ ಹೇಳಬೇಕೆಂದರೆ ಶಾಂತಾ ನನಗಿಂತ ಒಂದೇ ವರ್ಷ ಚಿಕ್ಕವಳು. ಕಾಗದದಲ್ಲಿ ಮಾತ್ರ ನಾಲ್ಕು. ಧಾರವಾಡದ ಕಡೆ ಅವಳನ್ನು ಶಾಲೆಗೆ ಸೇರಿಸುವ ಕಾಲಕ್ಕೆ ಹುಟ್ಟಿದ ದಿನ ಯಾರಿಗೆ ನೆನಪಿತ್ತು? ಬಲಗೈಯನ್ನು ನೆತ್ತಿಯ ಮೇಲಿಂದ ತಂದು ಎಡಕಿವಿ ಮುಟ್ಟಿದರೆ ಐದು ತುಂಬಿತೆಂದು ಲೆಕ್ಕ. ಶಾಂತಾಳದು ಗಿಡ್ಡ ಕೈ. ಪ್ರತಿ ವರ್ಷ ಹೋಗುವುದು, ಕಿವಿ ಎಟುಕದೆ ಅಳುತ್ತ ಬರುವುದು. ಕೊನೆಗೆ ಬೆರಳು ತಾಗಿದಾಗ ಅವಳಿಗೆ ಎಂಟು. ಮಾಸ್ತರರು ಐದೆಂದು ಬರೆದರು. ಶಾಲೆಯ ವಯಸ್ಸೇ ಪಾಸ್‌ಪೋರ್ಟಿಗೆ ಏರಿ ಸಮುದ್ರ ದಾಟಿತು. ಯೌವನದಲ್ಲಿ ಅದು ಅವಳಿಗೆ ಹೆಮ್ಮೆಯ ವಿಷಯವೂ ಆಗಿತ್ತು!

ಕೆಲವು ತಿಂಗಳ ಹಿಂದೆ ಕಲ್ವರ್ ಸಿಟಿಯ ಮನೆಯಿಂದ ಸ್ಯಾನ್ ಡಿಯಾಗೋದಲ್ಲಿರುವ ಮಗಳು ಉಷಾಳ ಮನೆಗೆ ಹೊರಟಿದ್ದೆವು. ಊರಿಗೆ ಮುಂಚಿನ ಸೊರೆಂಟೊ ವ್ಯಾಲಿ ಹತ್ತಿರವಾಗುತ್ತಿದ್ದಂತೆ ಪಕ್ಕದ ಸೀಟಿನ ಮಾತು ನಿಂತಿತು. ತಿರುಗಿ ನೋಡಿದರೆ ಶಾಂತಾಳ ಮುಖ ಬೂದಿಯಂತಾಗಿತ್ತು, ಹಣೆಯಲ್ಲಿ ಬೆವರು.

"ಏನಾಗಿಲ್ರೀ, ಗ್ಯಾಸ್ ಅದ. ರಸ್ತಾ ನೋಡ್ರಿ."

"ಆಸ್ಪತ್ರೆಗೆ ಹೋಗೂಣು."

"ಬ್ಯಾಡ. ಇನ್ನ ಮೂರು ವರ್ಷ ತಡಕೋತೀನಿ. ಆಮ್ಯಾಲೆ ಎಷ್ಟರ ಬ್ಯಾನಿ ಬರ್ಲಿ."

ಫ್ರೀವೇಯಿಂದ ಹೇಗೆ ಇಳಿದೆನೋ, ಎಲ್ಲಿ ಕಾರು ನಿಲ್ಲಿಸಿದೆನೋ, ಈಗಲೂ ಸರಿಯಾಗಿ ಜೋಡಿಸಲಾಗುತ್ತಿಲ್ಲ. ಆ ಬೂದಿಬಣ್ಣ ಮಾತ್ರ ಬ್ರೇಕ್ ಒತ್ತಿದಾಗಲೆಲ್ಲ ಪಕ್ಕದ ಸೀಟಿಗೆ ಬಂದು ಕೂರುತ್ತದೆ. ಅಂದು ಬಂದದ್ದು ಹೃದಯಾಘಾತ. ಇನ್ನಷ್ಟು ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು.

ಉಷಾ ಹಾಸಿಗೆಯ ಪಕ್ಕ ನಿಂತು ಅತ್ತಳು. "ಅಮ್ಮಾ, ವೈ ಡಿಡಂಟ್ ಯೂ ಟೆಲ್ ಅಸ್?"

"ಹೇಳಿದ್ರ ಕರಕೊಂಡು ಬರ್ತಿದ್ರಿ. ಅದಕ್ಕ."

ದೀಪಾವಳಿಯಿಂದಲೇ ನೋವಿತ್ತಂತೆ. ಪಕ್ಕದಲ್ಲೇ ಮಲಗುವ ಈ ಇಂಜಿನಿಯರ್ ಗಂಡನಿಗೆ ಗೊತ್ತಾಗಿರಲಿಲ್ಲ.

ಬಿಲ್ಲಿನ ಮಾತು ಬೇಡ. ಲಾಂಗ್ ಬೀಚಿನ ಒಂದು ಸಣ್ಣ ಕಂಪನಿಯಲ್ಲಿ ನಾನು ಮತ್ತೆ ಕೆಲಸಕ್ಕೆ ಸೇರಿದ್ದೇನೆ. ಅಲ್ಲಿ ಹೆಂಡತಿಗೂ ವಿಮೆಯಿದೆ. ಮಕ್ಕಳ ವಯಸ್ಸಿನ ಮೇಲಧಿಕಾರಿಗೆ ಗುಡ್ ಮಾರ್ನಿಂಗ್ ಹೇಳಿ, ಮಂಡಿ ಉಜ್ಜಿಕೊಳ್ಳುತ್ತ ಡ್ರಾಯಿಂಗ್ ತಿದ್ದುತ್ತೇನೆ. ಸಂಜೆ ಮನೆಗೆ ಬಂದರೆ ಶೂ ಬಿಚ್ಚಲೂ ಬೇಸರ.

ಬೆಳಿಗ್ಗೆ ಹೊರಡುವ ಮುನ್ನ ಮಾತ್ರ ಒಂದು ತಪಾಸಣೆಯಿದೆ. ನೋವಿದೆಯೇ ಎಂದು ಕೇಳಿದರೆ ಶಾಂತಾ ಇಲ್ಲವೆನ್ನುವಳು. ಆ ಮಾತನ್ನು ನಾನಿನ್ನು ನಂಬಲಾರೆ. ಅದಕ್ಕೇ ಕಿವಿ ಮುಟ್ಟಿ ತೋರಿಸಲು ಹೇಳುತ್ತೇನೆ, ನಾನು ನೋಡುವುದು ಮುಖದ ಬಣ್ಣವನ್ನು. ಅವಳು ಬಾಗಿಲಲ್ಲಿ ನಿಂತು ಬಲಗೈಯನ್ನು ನೆತ್ತಿಯ ಮೇಲೆ ತರುತ್ತಾಳೆ. ವಯಸ್ಸಿಗೆ ಭುಜ ಬಿಗಿದು, ಬೆರಳು ಮತ್ತೆ ಕಿವಿಗೆ ಎಟುಕುವುದಿಲ್ಲ.

"ನೋಡ್ರಿ, ಮಾಸ್ತರು ಇನ್ನೂ ಸಾಲಿಗೆ ಸೇರಿಸ್ಕೊಳ್ಳೂದಿಲ್ಲ," ಎಂದು ನಗುತ್ತಾಳೆ. "ಹುಷಾರಾಗಿ ಡ್ರೈವ್ ಮಾಡ್ರಿ. ನನಗ ಅರವತ್ತೈದು ತುಂಬೂತನಕ ನೀವು ಮುದುಕರಾಗೂಹಂಗಿಲ್ಲ."